ಕಥೆ ಹೇಳುವವನ ಬಾಯಿ ಯಾವ ಊರಿನದು?

ಇಂಗ್ಲಿಷ್ ಮಾತಾಡುವ ದೇಶಗಳು ಅಂದಾಕ್ಷಣ ನಮ್ಮ ತಲೆಯಲ್ಲಿ ಮೂಡುವ ಪಟ್ಟಿ ಬಹಳ ಚಿಕ್ಕದು. ಇಂಗ್ಲೆಂಡ್, ಅಮೆರಿಕ, ಕೆನಡಾ, ಆಸ್ಟ್ರೇಲಿಯಾ. ನಮ್ಮ ಗೆಳೆಯರು ವೀಸಾಕ್ಕೆ ಅರ್ಜಿ ಹಾಕುವ ದೇಶಗಳ ಪಟ್ಟಿಯೂ ಹೆಚ್ಚುಕಡಿಮೆ ಇದೇ. ಟ್ರಿನಿಡಾಡ್ ಅಂದರೆ ಕ್ರಿಕೆಟ್ ನೋಡುವವರಿಗೆ ಬ್ರಯಾನ್ ಲಾರಾ, ಪುಸ್ತಕ ಓದುವವರಿಗೆ ವಿ.ಎಸ್. ನೈಪಾಲ್. ಅಲ್ಲಿಗೆ ಮಾತು ಮುಗಿಯುತ್ತದೆ. ಆ ನೈಪಾಲರ ನೆರಳಿನಲ್ಲಿ ನಮ್ಮ ಕಣ್ಣಿಗೆ ಬೀಳದೆ ಉಳಿದ ಇನ್ನೊಬ್ಬ ಟ್ರಿನಿಡಾಡ್ ಲೇಖಕ ಸ್ಯಾಮ್ ಸೆಲ್ವನ್. ಅವರು 1956ರಲ್ಲಿ ಪ್ರಕಟಿಸಿದ ‘ದ ಲೋನ್ಲಿ ಲಂಡನರ್ಸ್’ ಎಂಬ ಸಣ್ಣ ಕಾದಂಬರಿ ಪರವೂರಿನಲ್ಲಿ ಕೂತು ಕನ್ನಡದಲ್ಲಿ ಬರೆಯುವ ನಮಗೆ ನೈಪಾಲರಿಗಿಂತ ಹೆಚ್ಚು ಹತ್ತಿರದ್ದು, ಹೆಚ್ಚು ತೊಂದರೆ ಕೊಡುವಂಥದ್ದು ಎಂಬುದು ನನ್ನ ವಾದ. ಊರು ಬಿಟ್ಟವರ ಕಷ್ಟವನ್ನು ಅದು ಹೇಳುತ್ತದೆ ಎಂಬುದಷ್ಟೇ ಕಾರಣವಲ್ಲ. ಆ ಕಷ್ಟವನ್ನು ಹೇಳುವ ಪುಸ್ತಕಗಳು ಬೇಕಾದಷ್ಟಿವೆ. ಊರು ಬಿಟ್ಟವರ ಕಥೆಯನ್ನು ಯಾರ ಬಾಯಿಂದ ಹೇಳಿಸಬೇಕು ಎಂಬ ಪ್ರಶ್ನೆಯನ್ನು ಅದು ಪ್ರತಿ ವಾಕ್ಯದಲ್ಲೂ ಎತ್ತುತ್ತದೆ.

ಮೊದಲು ಆ ದ್ವೀಪದ ಬಗ್ಗೆ ನಾಲ್ಕು ಮಾತು. ಟ್ರಿನಿಡಾಡ್ ನಮ್ಮ ಕೊಡಗಿಗಿಂತ ತುಸು ದೊಡ್ಡದು, ಅಷ್ಟೇ. ವೆನೆಜುವೆಲಾದ ಕರಾವಳಿಗೆ ತಾಗಿದಂತೆ ಇರುವ ಈ ನೆಲವನ್ನು ಬ್ರಿಟಿಷರು ಸ್ಪೇನಿನಿಂದ ಕಿತ್ತುಕೊಂಡದ್ದು 1797ರಲ್ಲಿ. ಅದಕ್ಕೂ ಮೊದಲೇ, 1783ರ ನಂತರ, ಸ್ಪೇನಿನ ದೊರೆಯ ಕರೆಯ ಮೇಲೆ ಫ್ರೆಂಚ್ ತೋಟಗಾರರು ತಮ್ಮ ಆಫ್ರಿಕನ್ ಗುಲಾಮರೊಂದಿಗೆ ಬಂದು ನೆಲೆಸಿದ್ದರು. ಹೀಗಾಗಿ ಆಳುವವರು ಸ್ಪೇನಿನವರು, ತೋಟದ ಒಡೆಯರು ಫ್ರೆಂಚರು, ಆಮೇಲೆ ಕಚೇರಿಯ ಭಾಷೆ ಇಂಗ್ಲಿಷ್, ಬೀದಿಯಲ್ಲಿ ಫ್ರೆಂಚಿನಿಂದ ಹುಟ್ಟಿದ ಪಾತ್ವಾ. 1830ರ ದಶಕದಲ್ಲಿ ಗುಲಾಮಗಿರಿ ಕೊನೆಗೊಂಡು ಕಬ್ಬಿನ ತೋಟಗಳಿಗೆ ಆಳು ಸಾಲದಾದಾಗ ಕಣ್ಣು ಬಿದ್ದದ್ದು ಭಾರತದ ಮೇಲೆ. 1845ರ ಮೇ 30ರಂದು ‘ಫತೇಲ್ ರಜಾಕ್’ ಎಂಬ ಹಡಗು ಕರಾರು ಕೂಲಿಗಳ ಮೊದಲ ತಂಡವನ್ನು ಅಲ್ಲಿ ಇಳಿಸಿತು. 1917ರ ಹೊತ್ತಿಗೆ ಹಾಗೆ ಹೋದವರು ಸುಮಾರು 1,44,000. ಹೆಚ್ಚಿನವರು ಕಲ್ಕತ್ತೆಯ ಬಂದರಿನಿಂದ, ಸ್ವಲ್ಪ ಮಂದಿ ಮದ್ರಾಸಿನಿಂದ. ಇವತ್ತಿಗೂ ಆ ದ್ವೀಪದ ನಕ್ಷೆ ತೆರೆದರೆ ಸ್ಯಾನ್ ಫರ್ನಾಂಡೋ ಪಕ್ಕದಲ್ಲೇ ಫೈಜಾಬಾದ್, ಬ್ಯಾರಕ್‌ಪುರ್ ಎಂಬ ಊರುಗಳು ಸಿಗುತ್ತವೆ.

ಸೆಲ್ವನ್ ಹುಟ್ಟಿದ್ದು 1923ರಲ್ಲಿ, ಇದೇ ಸ್ಯಾನ್ ಫರ್ನಾಂಡೋದಲ್ಲಿ. ತಂದೆ ಮದ್ರಾಸು ಮೂಲದ ಕ್ರೈಸ್ತರು. ತಾಯಿಯ ಕಡೆ ಅರ್ಧ ಸ್ಕಾಟ್ಲೆಂಡಿನ ರಕ್ತ. ಎರಡನೇ ಮಹಾಯುದ್ಧದ ಕಾಲದಲ್ಲಿ ನೌಕಾಪಡೆಯ ಮೀಸಲು ದಳದಲ್ಲಿ ವೈರ್‌ಲೆಸ್ ಆಪರೇಟರ್, ಆಮೇಲೆ ಪತ್ರಿಕೆಯಲ್ಲಿ ಕೆಲಸ. 1950ರಲ್ಲಿ ಲಂಡನ್ನಿಗೆ ಹೊರಟ ಹಡಗಿನಲ್ಲಿ ಅವರ ಜೊತೆ ಬಾರ್ಬಡೋಸಿನ ಲೇಖಕ ಜಾರ್ಜ್ ಲ್ಯಾಮಿಂಗ್ ಕೂಡ ಇದ್ದರು. ಎರಡು ವರ್ಷ ಕಳೆದು ಬಂದ ಮೊದಲ ಕಾದಂಬರಿ ‘ಎ ಬ್ರೈಟರ್ ಸನ್’ ಕಬ್ಬಿನ ಹಳ್ಳಿಯಿಂದ ಬಂದ ಟೈಗರ್ ಎಂಬ ಭಾರತೀಯ ಹುಡುಗನ ಕಥೆ. ಅದರಲ್ಲಿ ನಿರೂಪಣೆ ಪುಸ್ತಕದ ಇಂಗ್ಲಿಷಿನಲ್ಲಿದೆ, ಮಾತುಕತೆ ಟ್ರಿನಿಡಾಡಿನ ಆಡುನುಡಿಯಲ್ಲಿದೆ. ಲಂಡನ್ನಿನ ಕಾದಂಬರಿಯನ್ನೂ ಅವರು ಹಾಗೇ ಶುರು ಮಾಡಿದರಂತೆ. ಮುಂದೆ ಹೋಗಲಿಲ್ಲ. ನಿರೂಪಣೆಯನ್ನೂ ಆಡುನುಡಿಗೆ ತಿರುಗಿಸಿದ ಮೇಲೆ ಬರವಣಿಗೆ ತಾನಾಗಿ ಹರಿಯಿತು, ಕೆಲವೇ ತಿಂಗಳಲ್ಲಿ ಪುಸ್ತಕ ಮುಗಿಯಿತು ಎಂದು ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ.

ಕಥೆ ಎಂದರೆ ದೊಡ್ಡ ಕಥೆಯೇನಿಲ್ಲ. ಲಂಡನ್ನಿನಲ್ಲಿ ಹತ್ತಿರ ಹತ್ತು ವರ್ಷ ಕಳೆದ ಮೋಸೆಸ್ ಚಳಿಗಾಲದ ಒಂದು ಸಂಜೆ ಗುರುತೇ ಇಲ್ಲದ ಯಾವನನ್ನೋ ಎದುರುಗೊಳ್ಳಲು ವಾಟರ್ಲೂ ಸ್ಟೇಷನ್ನಿಗೆ ಹೊರಡುತ್ತಾನೆ. ಊರಿಂದ ಯಾರೋ ಕಾಗದ ಬರೆದಿದ್ದಾರೆ, ಹೋಗದಿದ್ದರೆ ಆಗುವುದಿಲ್ಲ. ಬಂದವನು ಹೆನ್ರಿ ಆಲಿವರ್. ಕೈಯಲ್ಲಿ ಲಗೇಜಿಲ್ಲ, ಮೈಮೇಲೆ ಬೇಸಿಗೆಯ ತೆಳು ಸೂಟು, ಚಳಿಯೂ ಆಗುತ್ತಿಲ್ಲ ಅನ್ನುತ್ತಾನೆ. ಮೋಸೆಸ್ ಅವನಿಗೆ ‘ಸರ್ ಗ್ಯಾಲಹಾಡ್’ ಎಂದು ಹೆಸರಿಡುತ್ತಾನೆ. ಅಲ್ಲಿಂದ ಮುಂದೆ ಒಬ್ಬೊಬ್ಬರಾಗಿ ಬರುತ್ತಾರೆ: ಕಾನೂನು ಓದಲು ಬಂದು ಅಪ್ಪನ ದುಡ್ಡು ಕರಗಿಸಿದ ನೈಜೀರಿಯಾದ ಕ್ಯಾಪ್, ಮೈಬಣ್ಣ ತುಸು ತಿಳಿಯಾಗಿರುವುದರಿಂದ ತಾನು ದಕ್ಷಿಣ ಅಮೆರಿಕದವನೆಂದು ಹೇಳಿಕೊಂಡು ತಿರುಗುವ ಬಾರ್ಟ್, ಇಂಗ್ಲಿಷ್ ದೊಡ್ಡಮನುಷ್ಯನ ವೇಷದ ಹ್ಯಾರಿಸ್, ತಾಯಿಗೆ ಟಿಕೆಟ್ ಕಳಿಸಿದರೆ ಇಡೀ ಮನೆಯೇ ಬಂದಿಳಿದದ್ದನ್ನು ಕಂಡು ಬೆವರುವ ಜಮೈಕಾದ ಟೋಲ್ರಾಯ್. ಭಾನುವಾರ ಬೆಳಗ್ಗೆ ಎಲ್ಲರೂ ಮೋಸೆಸ್‌ನ ಕೋಣೆಯಲ್ಲಿ ಸೇರುತ್ತಾರೆ. ಯಾರಿಗೆ ಎಲ್ಲಿ ಕೆಲಸ ಸಿಕ್ಕಿತು, ಯಾರ ಬಾಡಿಗೆ ಬಾಕಿ, ಊರಲ್ಲಿ ಆ ಹುಚ್ಚನಿದ್ದನಲ್ಲ ಅವನೇನಾದ. ಚರ್ಚಿಗೆ ಹೋಗುವ ಹೊತ್ತಿನಲ್ಲಿ ಈ ಕೋಣೆಗೆ ಬರುತ್ತಾರೆ. ಅವರ ಪಾಲಿಗೆ ಮೋಸೆಸ್ ಒಬ್ಬ ಪಾದ್ರಿ.

ಇದನ್ನು ಹೇಳುವವನು ಯಾರು? ನಿರೂಪಕನಿಗೆ ಹೆಸರಿಲ್ಲ. ಆದರೆ ಅವನ ಮಾತು ಆ ಕೋಣೆಯೊಳಗಿನದ್ದೇ. ಕ್ರಿಯಾಪದಗಳು ಭೂತಕಾಲದ ಗೊಡವೆಗೆ ಹೋಗುವುದಿಲ್ಲ. ನಮ್ಮ ಉತ್ತರ ಕರ್ನಾಟಕದವರು ಕಟ್ಟೆಯ ಮೇಲೆ ಕೂತು ‘ಮೊನ್ನೆ ಏನಾಗ್ತದ, ಅಂವ ಬರ್ತಾನ, ನಾ ನೋಡ್ತೀನಿ’ ಎಂದು ನಡೆದುಹೋದದ್ದನ್ನೇ ಕಣ್ಣೆದುರು ನಡೆಸುವ ಹಾಗೆ. ಅವನಿಗೆ ಮನುಷ್ಯನೆಂದರೆ ‘ಟೆಸ್ಟ್’, ಹರಟೆಗೆ ‘ಓಲ್ಡ್ ಟಾಕ್’, ಕೆಲಸವಿಲ್ಲದೆ ಗೆಳೆಯರ ಜೊತೆ ನಿಂತು ಹೊತ್ತು ಕಳೆಯುವುದಕ್ಕೆ ‘ಲೈಮ್’, ಒಬ್ಬೊಬ್ಬನ ಪ್ರಸಂಗವೂ ಒಂದು ‘ಬ್ಯಾಲಡ್’. ಒಂದು ಪ್ರಸಂಗ ಹೇಳುತ್ತಾ ಇನ್ನೊಂದು ನೆನಪಾಗಿ ಅತ್ತ ಹೊರಳುತ್ತಾನೆ, ನಗಿಸುತ್ತಾನೆ, ನಗು ಮುಗಿಯುವ ಮೊದಲೇ ಒಂದು ತಣ್ಣನೆಯ ವಾಕ್ಯ ಇಟ್ಟು ಸುಮ್ಮನಾಗುತ್ತಾನೆ. ಕ್ಯಾಲಿಪ್ಸೊ ಹಾಡುಗಾರರ ಜಾಣತನವಿದು. ಬೇಸಿಗೆಯ ಬಗ್ಗೆ ಹೇಳುವ ಭಾಗದಲ್ಲಂತೂ ಹಲವು ಪುಟಗಳ ಉದ್ದಕ್ಕೆ ಒಂದೂ ಪೂರ್ಣವಿರಾಮವಿಲ್ಲ.

ಇದರ ಬೆಲೆ ತಿಳಿಯಬೇಕಾದರೆ ಪಕ್ಕದಲ್ಲಿ ನೈಪಾಲರ ‘ಎ ಹೌಸ್ ಫಾರ್ ಮಿಸ್ಟರ್ ಬಿಸ್ವಾಸ್’ ಇಟ್ಟು ನೋಡಬೇಕು. 1961ರ ಆ ಕಾದಂಬರಿ ದೊಡ್ಡದು, ಎಲ್ಲ ಅರ್ಥದಲ್ಲೂ. ಅದರ ಒಂದು ಉಪಾಯ ನನಗೆ ಯಾವಾಗಲೂ ಅಚ್ಚರಿ ತರಿಸುತ್ತದೆ. ಪಾತ್ರಗಳು ಹಿಂದಿಯಲ್ಲಿ ಮಾತಾಡಿದಾಗ ನೈಪಾಲ್ ಅದನ್ನು ಶುದ್ಧ ಇಂಗ್ಲಿಷಿನಲ್ಲಿ ಬರೆಯುತ್ತಾರೆ. ಇಂಗ್ಲಿಷಿನಲ್ಲಿ ಮಾತಾಡಿದಾಗ ಟ್ರಿನಿಡಾಡಿನ ಆಡುನುಡಿಯಲ್ಲಿ. ಮನೆಯೊಳಗಿನ ಭಾಷೆಗೆ ಮರ್ಯಾದೆ, ಬೀದಿಯ ಭಾಷೆಗೆ ಚುರುಕು. ಆದರೆ ನಿರೂಪಕ ಮಾತ್ರ ಇವೆರಡಕ್ಕೂ ಮೇಲೆ, ತಪ್ಪಿಲ್ಲದ ಇಂಗ್ಲಿಷಿನಲ್ಲಿ ನಿಂತಿರುತ್ತಾನೆ. ಬಿಸ್ವಾಸನನ್ನು ಪ್ರೀತಿಸುತ್ತಾನೆ, ಆದರೆ ಬಿಸ್ವಾಸ ಏರಲಾರದ ಮಹಡಿಯಿಂದ ಅವನನ್ನು ನೋಡುತ್ತಾನೆ. ಸೆಲ್ವನ್‌ರಲ್ಲಿ ಆ ಮಹಡಿಯೇ ಇಲ್ಲ. ಗ್ಯಾಲಹಾಡ್ ಪೆದ್ದನಂತೆ ನಡೆದುಕೊಂಡಾಗ ನಿರೂಪಕ ನಗುತ್ತಾನೆ. ಪಕ್ಕದಲ್ಲಿ ಕೂತವನು ನಗುವ ನಗು ಅದು.

ಕನ್ನಡದವರಿಗೆ ಈ ಮಹಡಿಯ ಮಾತು ಹೊಸದಲ್ಲ. ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಕುವೆಂಪು ಮಲೆನಾಡಿನ ಆಡುಮಾತನ್ನು ಎಷ್ಟು ಬಗೆಯಲ್ಲಿ ಆಡಿಸಿದ್ದಾರೆ! ಆದರೂ ನಿರೂಪಣೆಯ ಭಾಷೆ ಕವಿಯದ್ದು, ವಿದ್ವಾಂಸರದ್ದು. ನಿರೂಪಣೆಯನ್ನೇ ಆಡುಮಾತಿಗೆ ಒಪ್ಪಿಸುವ ಧೈರ್ಯವನ್ನು ಪೂರ್ತಿಯಾಗಿ ಮಾಡಿದ್ದು ದೇವನೂರ ಮಹಾದೇವ, ‘ಕುಸುಮಬಾಲೆ’ಯಲ್ಲಿ. 1990ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗಲೂ, ಆಮೇಲೂ, ‘ಓದಲಿಕ್ಕೆ ಕಷ್ಟ’ ಎನ್ನುವವರು ಇದ್ದೇ ಇದ್ದರು. ಆದರೆ ‘ಕುಸುಮಬಾಲೆ’ಗೂ ಸೆಲ್ವನ್‌ರ ಪುಸ್ತಕಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಮಹಾದೇವರ ಭಾಷೆಗೆ ಒಂದು ನೆಲವಿದೆ, ನಂಜನಗೂಡಿನ ಸೀಮೆಯ ನೆಲ. ಸೆಲ್ವನ್‌ರ ಭಾಷೆಗೆ ಹಾಗೊಂದು ಊರೇ ಇಲ್ಲ. ಬೆನ್ನೆಲುಬು ಟ್ರಿನಿಡಾಡಿನದು, ನಿಜ. ಆದರೆ ಅಚ್ಚ ಟ್ರಿನಿಡಾಡ್ ನುಡಿಯನ್ನು ಬರೆದರೆ ಹೊರಗಿನವರಿಗೆ ತಿಳಿಯುವುದಿಲ್ಲವೆಂದು ಅವರು ಅದನ್ನು ಬೇಕೆಂದೇ ಹದ ಮಾಡಿದರು. ಆ ಹದದಲ್ಲಿ ಅದು ಟ್ರಿನಿಡಾಡಿನವರು, ಜಮೈಕಾದವರು, ಬಾರ್ಬಡೋಸಿನವರು, ನೈಜೀರಿಯಾದವರು ಒಂದೇ ಕೋಣೆಯಲ್ಲಿ ಕೂತಾಗ ನಡೆಯಬಲ್ಲ ನಾಣ್ಯವಾಯಿತು. ಆ ಭಾಷೆಯನ್ನು ಇದ್ದಕ್ಕಿದ್ದಂತೆ ಪೂರ್ತಿಯಾಗಿ ಯಾರೂ ಆಡುತ್ತಿರಲಿಲ್ಲ. ಅದು ಹುಟ್ಟಿದ ಊರಿನಿಂದ ತಂದ ಭಾಷೆಯಲ್ಲ, ಬಂದ ಊರಿನಲ್ಲಿ ಕಟ್ಟಿಕೊಂಡ ಭಾಷೆ. ಈ ಕಾದಂಬರಿಯ ಬಗ್ಗೆ ನಾನು ಹೇಳಬೇಕಾದ ಅತಿ ಮುಖ್ಯ ಮಾತು ಇದೇ.

ಏಕೆಂದರೆ ‘ವೆಸ್ಟ್ ಇಂಡಿಯನ್’ ಎಂಬ ಮನುಷ್ಯನೂ ಬಹುಮಟ್ಟಿಗೆ ಹೀಗೆ ಪರವೂರಿನಲ್ಲಿ ಹುಟ್ಟಿದವನು. ಜಮೈಕಾಕ್ಕೂ ಟ್ರಿನಿಡಾಡಿಗೂ ನಡುವೆ ಸುಮಾರು 1,800 ಕಿಲೋಮೀಟರ್ ಸಮುದ್ರ. ಊರಲ್ಲೇ ಇದ್ದಿದ್ದರೆ ಟೋಲ್ರಾಯ್ ಮತ್ತು ಮೋಸೆಸ್ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಬೀದರಿನವನೂ ಕುಂದಾಪುರದವನೂ ಮುಂಬಯಿಯ ಕನ್ನಡ ಸಂಘದಲ್ಲಿ ಮೊದಲ ಬಾರಿ ಎದುರಾದಂತೆ, ಇವರೂ ಲಂಡನ್ನಿನಲ್ಲಿ ಎದುರಾದರು. ಅಲ್ಲಿ ಅವರನ್ನು ಒಂದು ಮಾಡಿದ್ದು ಪ್ರೀತಿಯೊಂದೇ ಅಲ್ಲ. ಕಾದಂಬರಿಯಲ್ಲಿ ಉದ್ಯೋಗ ಕಚೇರಿಯ ದೃಶ್ಯವೊಂದಿದೆ. ಕಪ್ಪು ಜನರ ದಾಖಲೆಯ ಕಾರ್ಡಿನ ತಲೆಯ ಮೇಲೆ ಒಂದು ಗುಟ್ಟಿನ ಗುರುತು ಹಾಕಿರುತ್ತಾರೆ: ಈತ ಜಮೈಕಾದವನು, ಬಣ್ಣದವನು. ಜಮೈಕಾವನ್ನು ಕಣ್ಣಲ್ಲೂ ಕಾಣದವನಿಗೂ ಅದೇ ಗುರುತು. ಸ್ಟೇಷನ್ನಿನಲ್ಲಿ ಪತ್ರಿಕೆಯವನೂ ಮೋಸೆಸ್‌ನನ್ನು ಜಮೈಕಾದವನೆಂದೇ ತಿಳಿಯುತ್ತಾನೆ. ಹೊರಗಿನವರು ಒತ್ತಿದ ಆ ಮೊಹರನ್ನೇ ಒಳಗಿನವರು ನಿಧಾನವಾಗಿ ತಮ್ಮ ಗುರುತನ್ನಾಗಿ ಮಾಡಿಕೊಂಡರು. ರಾಜಕಾರಣಿಗಳೂ ಈ ದ್ವೀಪಗಳನ್ನು ಒಗ್ಗೂಡಿಸಲು ನೋಡಿದರು. 1958ರಲ್ಲಿ ಶುರುವಾದ ವೆಸ್ಟ್ ಇಂಡೀಸ್ ಒಕ್ಕೂಟ ಜಮೈಕಾ ಹೊರನಡೆದ ಮೇಲೆ 1962ರಲ್ಲಿ ಮುರಿದುಬಿತ್ತು. ಅದೇ ವರ್ಷ ಜಮೈಕಾ, ಟ್ರಿನಿಡಾಡ್ ಬೇರೆ ಬೇರೆಯಾಗಿ ಸ್ವತಂತ್ರವಾದವು. ಉಳಿದದ್ದು ಕ್ರಿಕೆಟ್ ತಂಡ, ವಿಶ್ವವಿದ್ಯಾಲಯ, ಮತ್ತೆ ಮೋಸೆಸ್‌ನ ಕೋಣೆ.

ಸೆಲ್ವನ್ ಈ ಕಾರ್ಡಿನ ವಿಷಯವನ್ನು ಎರಡು ಸಾಲಿನಲ್ಲಿ, ಹಾಸ್ಯದ ಧಾಟಿಯಲ್ಲೇ ಹೇಳಿ ಮುಂದೆ ಹೋಗುತ್ತಾರೆ. ಆದರೆ ಕಾಗದದ ಮೇಲಿನ ಗುರುತು ಎಂಥ ಕತ್ತಿ ಎಂಬುದಕ್ಕೆ ಆರು ದಶಕದ ನಂತರ ಸಾಕ್ಷಿ ಸಿಕ್ಕಿತು. 1948ರ ಪೌರತ್ವ ಕಾಯಿದೆಯ ಬಲದಿಂದ ಬ್ರಿಟಿಷ್ ಪ್ರಜೆಗಳಾಗಿಯೇ ಬಂದಿಳಿದವರ, ಅವರ ಜೊತೆ ಮಕ್ಕಳಾಗಿ ಬಂದವರ ಹತ್ತಿರ ತಕ್ಕ ಕಾಗದವಿಲ್ಲವೆಂದು ಕೆಲಸ, ಮನೆ, ಚಿಕಿತ್ಸೆ ತಪ್ಪಿಸಿದ ಸಂಗತಿ 2018ರಲ್ಲಿ ಬ್ರಿಟನ್ನಿನಲ್ಲಿ ದೊಡ್ಡ ಹಗರಣವಾಯಿತು. ಕೆಲವರನ್ನು ಗಡೀಪಾರೂ ಮಾಡಿದ್ದರು. ಅದಾದ ಮೇಲೆ ಈ ಕಾದಂಬರಿಯ ನಗುವನ್ನು ಬರೀ ನಗುವಾಗಿ ಓದುವುದು ನನಗೆ ಆಗುತ್ತಿಲ್ಲ.

ಇಷ್ಟು ಹೊಗಳಿದ ಮೇಲೆ ಈ ಪುಸ್ತಕದ ಕುರುಡನ್ನೂ ಹೇಳಲೇಬೇಕು. ಇದು ಗಂಡಸರ ಕೋಣೆ. ಲಂಡನ್ನಿನ ಹೆಂಗಸರು ಇಲ್ಲಿ ಬೇಟೆಯಾಗಿ, ಪಂದ್ಯವಾಗಿ, ಹರಟೆಯ ಸರಕಾಗಿ ಬರುತ್ತಾರೆ. ಹಲವರಿಗೆ ಹೆಸರೂ ಇಲ್ಲ. ನಿರೂಪಕ ಮಹಡಿ ಇಳಿದು ಹುಡುಗರ ಪಕ್ಕದಲ್ಲಿ ಕೂತದ್ದರಿಂದ ಬಂದ ಲಾಭವನ್ನು ಹೇಳಿದೆ. ಅದರ ನಷ್ಟ ಇದು. ಹುಡುಗರು ಕಾಣದ್ದನ್ನು ಅವನೂ ಕಾಣಲಾರ. ರಾತ್ರಿ ಪಾಳಿಗೆ ಹೋಗುವ ಲೂಯಿಸ್‌ಗೆ ಮೋಸೆಸ್ ತಮಾಷೆಗೆಂದು ಹೆಂಡತಿಯ ಬಗ್ಗೆ ಸಂಶಯ ಹುಟ್ಟಿಸುತ್ತಾನೆ. ಲೂಯಿಸ್ ಮನೆಗೆ ಹೋಗಿ ಆಗ್ನೆಸ್‌ಳನ್ನು ಹೊಡೆಯುತ್ತಾನೆ. ಕೊನೆಗೆ ಆಕೆ ಅವನನ್ನು ಬಿಟ್ಟು ಹೊರಡುತ್ತಾಳೆ. ಒಂದು ಕಾದಂಬರಿಗೇ ಸಾಲುವ ಸಂಗತಿ. ಇಲ್ಲಿ ಅದೂ ಒಂದು ‘ಬ್ಯಾಲಡ್’. ಆಗ್ನೆಸ್ ಎಲ್ಲಿಗೆ ಹೋದಳು, ಆ ಚಳಿಯ ಊರಿನಲ್ಲಿ ಯಾರ ಮನೆಯ ಬಾಗಿಲು ತಟ್ಟಿದಳು ಎಂದು ಮೋಸೆಸ್‌ನ ಕೋಣೆಯಲ್ಲಿ ಯಾರೂ ಕೇಳುವುದಿಲ್ಲ. ಆಡುಮಾತಿನಲ್ಲಿ ಬರೆದೊಡನೆ ಬರಹ ತಾನಾಗಿ ನ್ಯಾಯವಂತವಾಗಿಬಿಡುತ್ತದೆ ಎಂದು ನಂಬುವವರು ಈ ಪುಟಗಳನ್ನು ಎರಡು ಸಲ ಓದಬೇಕು.

ಇದಕ್ಕೆ ಕಾದಂಬರಿಯೊಳಗೇ ಒಂದು ಉತ್ತರವಿದೆ ಎಂದರೆ ಅದು ಟ್ಯಾಂಟಿ, ಟೋಲ್ರಾಯ್‌ನ ತಾಯಿಯ ಜೊತೆ ಕರೆಯದೆ ಬಂದಿಳಿದ ಮುದುಕಿ. ಗಂಡಸರು ಲಂಡನ್ನಿಗೆ ತಕ್ಕಂತೆ ತಮ್ಮನ್ನು ಬದಲಿಸಿಕೊಳ್ಳಲು ಒದ್ದಾಡುತ್ತಿದ್ದರೆ, ಟ್ಯಾಂಟಿ ಲಂಡನ್ನನ್ನೇ ತನಗೆ ತಕ್ಕಂತೆ ಮಾಡಿಕೊಳ್ಳುತ್ತಾಳೆ. ಬೀದಿಯ ಕಿರಾಣಿ ಅಂಗಡಿಯವನಿಗೆ ಉದ್ರಿ ಲೆಕ್ಕದ ಪುಸ್ತಕ ಇಡುವುದನ್ನು ಕಲಿಸುತ್ತಾಳೆ. ವಾರದ ಕೊನೆಗೆ ಪಗಾರವಾದ ಮೇಲೆ ದುಡ್ಡು. ಊರಲ್ಲಿ ಹಾಗೇ ಅಲ್ಲವೇ? ಅಂಗಡಿಯವನು ಒಲ್ಲೆ ಎಂದರೂ ಸಾಮಾನು ಎತ್ತಿಕೊಂಡು ನಡೆದೇಬಿಡುತ್ತಾಳೆ, ಕೊನೆಗೆ ಅವನೇ ಒಪ್ಪುತ್ತಾನೆ. ಹ್ಯಾರಿಸ್‌ನ ಪಾರ್ಟಿಯಲ್ಲಿ, ಇಂಗ್ಲಿಷ್ ಅತಿಥಿಗಳ ಎದುರಿಗೆ, ಚಡ್ಡಿ ಹಾಕುವ ಕಾಲದಿಂದ ಬಲ್ಲ ಹುಡುಗನೆಂಬ ಸಲಿಗೆಯಿಂದ ಅವನನ್ನು ಹಿಡಿದು ಕುಣಿಯಲು ಎಳೆಯುತ್ತಾಳೆ. ಅವನ ಟೈ, ಛತ್ರಿ, ಉಚ್ಚಾರಣೆ ಎಲ್ಲ ಒಂದು ಗಳಿಗೆಯಲ್ಲಿ ಕಳಚಿಬೀಳುತ್ತವೆ. ನಮ್ಮ ಮದುವೆ ಮನೆಗಳಲ್ಲಿ ಇಂಥ ದೊಡ್ಡಮ್ಮ ಒಬ್ಬರಾದರೂ ಇರುತ್ತಾರೆ; ಅವರ ಎದುರು ಯಾರ ಆನ್‌ಸೈಟ್ ಇಂಗ್ಲಿಷೂ ನಿಲ್ಲುವುದಿಲ್ಲ. ಕಥೆ ಟ್ಯಾಂಟಿಯ ಬಾಯಿಂದ ಬಂದಿದ್ದರೆ ಹೇಗಿರುತ್ತಿತ್ತು ಎಂದು ನಾನು ಯೋಚಿಸಿದ್ದಿದೆ. ಆಗ್ನೆಸ್ ಎಲ್ಲಿಗೆ ಹೋದಳೆಂಬುದು ನಮಗೆ ತಿಳಿಯುತ್ತಿತ್ತು.

ಇನ್ನೊಂದು ಗೈರುಹಾಜರಿಯೂ ಇದೆ. ಲೇಖಕರು ಭಾರತೀಯ ಮೂಲದವರು. ಮೊದಲ ಕಾದಂಬರಿಯ ನಾಯಕನೂ ಹೌದು. ಆದರೆ ಮೋಸೆಸ್‌ನ ಗುಂಪಿನ ಮುಖ್ಯ ಪಾತ್ರಗಳಲ್ಲಿ ಭಾರತೀಯರಿಲ್ಲ. ಇದನ್ನು ಮರೆವು ಎನ್ನಲಾರೆ. ಟ್ರಿನಿಡಾಡಿನಲ್ಲಿ ಭಾರತೀಯ ಮತ್ತು ಆಫ್ರಿಕನ್ ಎಂಬ ಗೆರೆ ಚುನಾವಣೆಯವರೆಗೂ ಆಳವಾಗಿ ಹೋಗುತ್ತದೆ. ಸೆಲ್ವನ್ ಆ ಗೆರೆ ದಾಟಿ, ತನ್ನವರಲ್ಲದವರ ಬಾಯಲ್ಲಿ ತನ್ನ ಒಂಟಿತನವನ್ನು ಇಟ್ಟರು. ‘ನಮ್ಮ ಕಥೆಯನ್ನು ನಮ್ಮವರೇ ಹೇಳಬೇಕು’ ಎಂಬ ಇವತ್ತಿನ ಗಟ್ಟಿ ಮಾತಿಗೆ ಈ ಪುಸ್ತಕ ಸುಲಭವಾಗಿ ತಲೆದೂಗುವುದಿಲ್ಲ.

ಕನ್ನಡಕ್ಕೂ ಟ್ರಿನಿಡಾಡಿಗೂ ಒಂದು ನಿಜವಾದ ಕೊಂಡಿಯಿದೆ, ಅದನ್ನಿಲ್ಲಿ ಹೇಳಬೇಕು. ಜಯಂತ ಕಾಯ್ಕಿಣಿಯವರ ಮುಂಬಯಿ ಕಥೆಗಳನ್ನು ‘ನೋ ಪ್ರೆಸೆಂಟ್ಸ್ ಪ್ಲೀಸ್’ ಹೆಸರಲ್ಲಿ ಇಂಗ್ಲಿಷಿಗೆ ತಂದ ತೇಜಸ್ವಿನಿ ನಿರಂಜನ ಅವರು ಅದಕ್ಕೂ ಮೊದಲು, 2006ರಲ್ಲಿ, ‘ಮೊಬಿಲೈಜಿಂಗ್ ಇಂಡಿಯಾ’ ಎಂಬ ಪುಸ್ತಕದಲ್ಲಿ ಟ್ರಿನಿಡಾಡಿನ ಭಾರತೀಯ ಮಹಿಳೆಯರು ಮತ್ತು ಸಂಗೀತದ ಬಗ್ಗೆ ಬರೆದಿದ್ದರು. ಕ್ಯಾಲಿಪ್ಸೊ, ಚಟ್ನಿ ಸಂಗೀತಗಳ ಮೂಲಕ ಆ ದ್ವೀಪವನ್ನು ನೋಡುತ್ತಾ, ಅಲ್ಲಿಂದ ಭಾರತವನ್ನೂ ಮತ್ತೆ ನೋಡುವ ಪುಸ್ತಕವದು. ನಮ್ಮನ್ನು ನಾವು ಹೋಲಿಸಿ ನೋಡಿಕೊಳ್ಳಲು ಯಾವಾಗಲೂ ಲಂಡನ್, ನ್ಯೂಯಾರ್ಕಿನ ಕನ್ನಡಿಯೇ ಬೇಕಿಲ್ಲ ಎಂಬುದನ್ನು ನಾನು ಕಲಿತದ್ದು ಅಲ್ಲಿ. ಈ ಲೇಖನಕ್ಕೂ ಅದರ ಋಣವಿದೆ.

ಪರವೂರಿನ ಕನ್ನಡ ಕಥನಕ್ಕೆ ದೊಡ್ಡ ಪರಂಪರೆಯೇ ಇದೆ. ಯಶವಂತ ಚಿತ್ತಾಲರ ‘ಶಿಕಾರಿ’ಯ ನಾಗಪ್ಪ ಮುಂಬಯಿಯ ಕಂಪನಿಯೊಂದರಲ್ಲಿ ಬೇಟೆಗೊಳಗಾಗುತ್ತಾನೆ, ಅವನ ಭಯಕ್ಕೆ ಚಿತ್ತಾಲರು ಕೊಟ್ಟ ಭಾಷೆ ಶಿಷ್ಟ ಕನ್ನಡ, ಆದರೆ ತನ್ನನ್ನೇ ಕಚ್ಚಿಕೊಳ್ಳುವಂಥ ಕನ್ನಡ. ಕಾಯ್ಕಿಣಿಯವರ ಪಾತ್ರಗಳಲ್ಲಿ ಹಲವರು ಹಿಂದಿಯಲ್ಲೋ ಮರಾಠಿಯಲ್ಲೋ ಬದುಕುವವರು. ಬಿಸ್ವಾಸನ ಮನೆಯವರ ಹಿಂದಿಯಂತೆ ಅವರ ಮಾತೂ ಲೇಖಕರ ಮೃದುವಾದ ಕನ್ನಡದಲ್ಲಿ ನಮಗೆ ಕೇಳಿಸುತ್ತದೆ. ಈ ಇಬ್ಬರೂ ತಮ್ಮ ದಾರಿಯನ್ನು ತಾವೇ ಕಡಿದುಕೊಂಡವರು. ತೊಂದರೆ ಇರುವುದು ಅವರ ನಂತರದ ನಮ್ಮಲ್ಲಿ. ಈಗ ಪುಣೆ, ಹೈದರಾಬಾದ್, ಚೆನ್ನೈಗಳಿಂದ ಬರುವ ಕಥೆಗಳನ್ನು ಓದುವಾಗ ನನಗೆ ಒಂದೇ ನಿರೂಪಕ ಮತ್ತೆ ಮತ್ತೆ ಸಿಗುತ್ತಾನೆ. ಅವನು ಊರನ್ನು ನೆನೆಯುವಾಗ ಆಡುಮಾತಿಗೆ ಇಳಿಯುತ್ತಾನೆ: ಅಜ್ಜಿ, ಜಾತ್ರೆ, ಮಳೆ. ಈ ನಗರಕ್ಕೆ ಬಂದೊಡನೆ ದಿನಪತ್ರಿಕೆಯ ಕನ್ನಡ ಮಾತಾಡುತ್ತಾನೆ. ಅಂದರೆ ಆಡುಮಾತು ನೆನಪಿನ ಆಲ್ಬಮ್ಮಿಗೆ, ಬದುಕು ಶಿಷ್ಟ ಭಾಷೆಗೆ. ಬದುಕುವ ಹೊತ್ತಿನ ಭಾಷೆ ಎಲ್ಲಿ ಹೋಯಿತು?

ಆ ಭಾಷೆ ಇದೆ. ನಾವೇ ದಿನವೂ ಆಡುತ್ತೇವೆ. ಪುಣೆಯಲ್ಲಿ ಖೋಲಿ ಹಂಚಿಕೊಂಡ ಕಲಬುರಗಿಯವನು, ಶಿವಮೊಗ್ಗದವನು, ಪುತ್ತೂರಿನವನು ಮಾತಾಡಿಕೊಳ್ಳುವ ಕನ್ನಡದಲ್ಲಿ ಮರಾಠಿ ಇದೆ, ಬ್ರೋಕರನ ಹಿಂದಿ ಇದೆ, ಆಫೀಸಿನ ಇಂಗ್ಲಿಷ್ ಇದೆ. ಒಬ್ಬನ ‘ಹೌದಲ್ರೀ’ ಇನ್ನೊಬ್ಬನ ನಾಲಿಗೆಗೆ ಅಂಟಿರುತ್ತದೆ, ಅವನ ‘ಮಾರಾಯ’ ಇವನದ್ದಾಗಿರುತ್ತದೆ. ಇದು ಕರ್ನಾಟಕದ ಯಾವ ಜಿಲ್ಲೆಯ ಕನ್ನಡವೂ ಅಲ್ಲ. ಇದನ್ನು ಬರೆದರೆ ‘ಕಲಬೆರಕೆ’ ಎನ್ನುತ್ತಾರೆ ಎಂಬ ಅಂಜಿಕೆ ನಮಗೆ. ಇನ್ನೊಂದು ಅಂಜಿಕೆಗೆ ಹೆಚ್ಚು ಆಧಾರವಿದೆ: ನಮ್ಮ ಸಿನಿಮಾ, ಧಾರಾವಾಹಿಗಳು ಆಡುಮಾತನ್ನು ನಗಿಸುವ ಪಾತ್ರಕ್ಕೆ ಎಷ್ಟು ಕಟ್ಟಿಹಾಕಿವೆ ಎಂದರೆ, ಹುಬ್ಬಳ್ಳಿಯ ಅಥವಾ ಮಂಗಳೂರಿನ ಧಾಟಿ ಕೇಳಿದೊಡನೆ ಕೆಲವರಿಗೆ ನಗು ಬರುತ್ತದೆ. ಸೆಲ್ವನ್‌ರಿಗೂ ಈ ಕಷ್ಟವಿತ್ತು. ಅವರನ್ನು ತಮಾಷೆಯ ಲೇಖಕನೆಂದು ಓದಿ ಪಕ್ಕಕ್ಕಿಟ್ಟವರಿದ್ದಾರೆ. ಅವರು ನಗುವನ್ನು ಬಿಡಲಿಲ್ಲ. ಬದಲಿಗೆ ದುಃಖವನ್ನೂ, ಹಸಿವನ್ನೂ, ವಿಚಾರವನ್ನೂ ಅದೇ ಭಾಷೆಗೆ ಹೊರಿಸಿದರು. ಚಳಿಗಾಲದಲ್ಲಿ ಕೆಲಸ ಹೋಗಿ ಹೊಟ್ಟೆಗಿಲ್ಲದ ಗ್ಯಾಲಹಾಡ್ ಪಾರ್ಕಿನಲ್ಲಿ ಪಾರಿವಾಳ ಹಿಡಿಯುವ ದೃಶ್ಯದಲ್ಲಿ ನಾವು ನಗುತ್ತೇವೆ. ಮೋಸೆಸ್ ಮತ್ತು ಅವನು ಅದನ್ನು ಬೇಯಿಸಿ ತಿಂದು ಊರಿನ ಮಾತಾಡುತ್ತಾ ಕೂತಾಗ ಆ ನಗು ಎಲ್ಲಿ ಹೋಯಿತೆಂದು ತಿಳಿಯುವುದಿಲ್ಲ.

ಸೆಲ್ವನ್‌ರನ್ನು ನಾವು ಅನುಕರಿಸಬೇಕು ಎಂದು ನಾನು ಹೇಳುತ್ತಿಲ್ಲ. ಅವರ ಕುರುಡೂ ಜೊತೆಗೆ ಬಂದೀತು. ಊರನ್ನು ನೆನೆಯುವ ಕಥೆಗಳು ಬೇಡವೆಂದೂ ಅಲ್ಲ. ಆದರೆ ನಮ್ಮ ಮುಂದಿನ ಕಥೆ ಬರೆಯಲು ಕೂತಾಗ, ಮೊದಲ ವಾಕ್ಯದ ಹತ್ತಿರವೇ ಒಂದು ಪ್ರಶ್ನೆ ಕೇಳಿಕೊಳ್ಳಬಹುದು: ಇದನ್ನು ಹೇಳುತ್ತಿರುವವನು ಆ ಖೋಲಿಯೊಳಗೆ ಚಾಪೆಯ ಮೇಲೆ ಕೂತಿದ್ದಾನೋ, ಬಾಗಿಲ ಹೊರಗೆ ಚಪ್ಪಲಿ ಬಿಡದೆ ನಿಂತಿದ್ದಾನೋ? ಒಳಗೆ ಕೂತಿದ್ದರೆ, ಅಲ್ಲಿಗೆ ಬರಲಾಗದೆ ಹೋದವರು ಯಾರು? ಕಾದಂಬರಿಯ ಕೊನೆಗೆ ಮೋಸೆಸ್ ಥೇಮ್ಸ್ ನದಿಯ ದಡದಲ್ಲಿ ನಿಂತು, ಯಾರ್ಯಾರೋ ಪುಸ್ತಕ ಬರೆಯುತ್ತಾರಂತೆ, ತಾನೂ ಒಂದು ಬರೆಯಬಹುದೇ ಎಂದು ಯೋಚಿಸುತ್ತಾನೆ. ಅವನ ಮಾತಿನಲ್ಲೇ ಬರೆದ ಪುಸ್ತಕ ಅಷ್ಟು ಹೊತ್ತಿಗೆ ನಮ್ಮ ಕೈಯಲ್ಲಿ ಮುಗಿಯುತ್ತಾ ಬಂದಿರುತ್ತದೆ.